ಹೆಣ್ಣಿಗಿಂತ ಮೊದಲು ಬಂದ ನಾಯಿ

ಮಂಡೆಕೋಲಿನ ತೀರ್ಥರಾಮನಷ್ಟು ಗದ್ದೆಗೆ ನೀರು ನೋಡಿದ ಗಂಡಸು ಸುಳ್ಯ ಸೀಮೆಯಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ. ಹಾಗೆಂದು ಅವನ ಗದ್ದೆ ಊರಿನವರ ಗದ್ದೆಗಿಂತ ಹೆಚ್ಚು ಬೆಳೆಯಿತೇ ಎಂದರೆ ಅದೂ ಇಲ್ಲ. ಮನೆಯೊಳಗೆ ತಾಯಿ ಪೂವಮ್ಮನ ಸ್ವರ ಸ್ವಲ್ಪ ಏರಿತೆಂದರೆ ಸಾಕು, ಈ ಮಹಾಶಯ ಹೆಗಲ ಮೇಲಿನ ಬೈರಾಸು ವಸ್ತ್ರ ಕೊಡವಿ, "ನೀರು ನೋಡಿ ಬರ್ತೇನೆ" ಎಂದು ಅಂಗಳ ದಾಟಿ ಕಾಲಿಗೆ ಬುದ್ಧಿ ಹೇಳುತ್ತಿದ್ದ. ನೀರು ಅದರಷ್ಟಕ್ಕೆ ಹರಿಯುತ್ತಿತ್ತು, ಅದಕ್ಕೆ ಇವನ ಹಂಗಿರಲಿಲ್ಲ. ಇವನು ಬದುವಿನ ಮೇಲೆ ಕುಕ್ಕುರುಗಾಲಿನಲ್ಲಿ ಕುಳಿತು, ಮನೆಯ ಗದ್ದಲ ಅಡಗಿತೋ ಇಲ್ಲವೋ ಎಂದು ಕಿವಿಗೊಡುತ್ತಿದ್ದ. ಅಡಗಿದ ಮೇಲೆ ಎದ್ದು ಬಂದು ಕೈಕಾಲು ತೊಳೆದು ಉಣ್ಣುತ್ತಿದ್ದ. ಮೀಸೆ ಮಾತ್ರ ಪೊಲೀಸು ದಫೇದಾರನಿಗೆ ಇರಬೇಕಾದಂಥದ್ದು.

ಅವನಿಗೆ ಒಮ್ಮೆ ಮದುವೆಯಾಗಿತ್ತು. ಹೆಂಡತಿ ಲೋಲಾಕ್ಷಿ ಆ ಮನೆಯಲ್ಲಿ ಎರಡು ಮಳೆಗಾಲ ಕಳೆದು, ತಂಗಿಯ ಮದುವೆಗೆಂದು ತವರಿಗೆ ಹೋದವಳು ತಿರುಗಿ ಬರಲಿಲ್ಲ. ಹೋಗಿ ಕರೆದು ತರುವಷ್ಟು ದೂರವೇನೂ ಇರಲಿಲ್ಲ. ಆದರೆ ಪೂವಮ್ಮ "ಹೋದವಳಿಗೆ ಬರುವ ದಾರಿ ಗೊತ್ತುಂಟು" ಎಂದಳು, ಮಗ ಹೂಂ ಎಂದ. ಕೊನೆಗೆ ಜಾತಿಯ ಹಿರಿಯರು ಸೇರಿ ಬಿಡುಗಡೆ ಮಾಡಿಸಿದರು. ಪೂವಮ್ಮ ಊರಿಗೆಲ್ಲ ಹೇಳಿಕೊಂಡದ್ದು ಒಂದೇ ಮಾತು: "ಅವಳು ನಮ್ಮ ಮನೆಗೆ ಹೊಂದ್ಲಿಲ್ಲ." ಲೋಲಾಕ್ಷಿ ಬಸಿದ ಗಂಜಿ ದಪ್ಪವಾಗಿತ್ತು, ಅವಳು ಗುಡಿಸಿದ ಅಂಗಳದಲ್ಲಿ ಎಲೆ ಉಳಿಯುತ್ತಿತ್ತು, ಅವಳ ನಗು ಜೋರಾಗಿತ್ತು, ನಗದೆ ಇದ್ದರೆ ಮುಖ ಗಂಟಾಗಿತ್ತು. ಬೈಗಳು ತಿನ್ನುವಾಗ ಅವಳು ಗಂಡನ ಮುಖ ನೋಡುತ್ತಿದ್ದಳು. ಗಂಡ ನೀರು ನೋಡಲು ಹೋಗಿರುತ್ತಿದ್ದ.

ಐವತ್ತೆಂಟನೇ ಇಸವಿಯ ದೀಪಾವಳಿ ಕಳೆದ ಮೇಲೆ ಪೂವಮ್ಮನ ಅಣ್ಣ ಕುಕ್ಕಪ್ಪ ಬೆಳ್ಳಾರೆಯಿಂದ ಒಂದು ಸಂಬಂಧ ತಂದ. ಈ ಕುಕ್ಕಪ್ಪನಿಗೆ ಸಂಬಂಧ ಕುದುರುವುದಕ್ಕಿಂತ ಅದರ ನೆಪದಲ್ಲಿ ಸಿಗುವ ಕೋಳಿ ಸಾರಿನ ಮೇಲೆ ಹೆಚ್ಚು ಪ್ರೀತಿ. ಹೆಣ್ಣಿನ ಹೆಸರು ಸೇವಂತಿ. ತಂದೆ ಮಾಯಿಲಪ್ಪ ಘಟ್ಟದ ಮೇಲಿನ ಕಾಫಿ ತೋಟವೊಂದರಲ್ಲಿ ಬಹುಕಾಲ ರೈಟರಾಗಿದ್ದವನು. ತೋಟದ ಬಿಳಿ ದೊರೆ ಎಲ್ಲ ಮಾರಿ ತನ್ನ ದೇಶಕ್ಕೆ ಹಡಗು ಹತ್ತಿದ ಮೇಲೆ, ತಾಯಿ, ಮಗಳು, ಒಂದು ಒರಗು ಕುರ್ಚಿ, ಮತ್ತು ದೊರೆ ಮಗಳಿಗೆ ಕೊಟ್ಟು ಹೋದ ಒಂದು ನಾಯಿಯೊಂದಿಗೆ ಬೆಳ್ಳಾರೆಗೆ ಇಳಿದಿದ್ದ. ಹೆಂಡತಿ ಬಹಳ ಹಿಂದೆಯೇ ತೀರಿಕೊಂಡಿದ್ದಳು.

ಹೆಣ್ಣು ನೋಡಲು ಹೋದ ದಿನ ತೀರ್ಥರಾಮ ಮೊದಲು ನೋಡಿದ್ದು ನಾಯಿಯನ್ನು. ಬಿಳಿ ಮೈ, ಬೆನ್ನಿನ ಮೇಲೆ ಕರಿ ಮಚ್ಚೆ, ತೆಂಗಿನ ನಾರಿನಂತೆ ನೆಟ್ಟಗೆ ನಿಂತ ಕೂದಲು, ಮೂತಿಯ ಸುತ್ತ ಗಡ್ಡ. ಅದು ಜಗಲಿಯ ಮೆಟ್ಟಿಲಲ್ಲಿ ನಿಂತು ಬಂದವರನ್ನೆಲ್ಲ ಒಬ್ಬೊಬ್ಬರಾಗಿ ಮೂಸಿತು. ಕುಕ್ಕಪ್ಪನನ್ನು ಮೂಸಿ ಸೀನಿತು. ಹಿಂದಿನಿಂದ ಕಾಫಿ ಲೋಟಗಳ ತಟ್ಟೆ ಹಿಡಿದು ಬಂದ ಸೇವಂತಿ ನಕ್ಕಳು, ನಕ್ಕದ್ದಕ್ಕೆ ನಾಚಲಿಲ್ಲ. ತೀರ್ಥರಾಮನಿಗೆ ಅಲ್ಲಿಯೇ ಎದೆ ಒಂದು ಸಲ ಮೇಲೆದ್ದು ಕೂತಿತು. ಲೋಲಾಕ್ಷಿ ಹೋದ ಮೇಲೆ ಮನೆಯಲ್ಲಿ ತಾಯಿಯ ಸ್ವರ ಬಿಟ್ಟರೆ ಬೇರೆ ಸ್ವರ ಕೇಳದೆ ಅವನು ಒಣಗಿ ಹೋಗಿದ್ದ. ಈ ನಗು ಮನೆಗೆ ಬಂದರೆ ತಾನು ಬದುಕಿಕೊಂಡೆ ಎಂದು ಅವನಿಗೆ ನಿಜವಾಗಿ ಅನಿಸಿತು. ಅಷ್ಟರ ಮಟ್ಟಿಗೆ ಅವನೂ ಮನುಷ್ಯನೇ.

ಕಾಫಿ ಕೊಟ್ಟು ಹೋಗಬೇಕಾದ ಹುಡುಗಿ ನಿಂತಳು. ನೇರ ಅವನನ್ನೇ ಕೇಳಿದಳು:

"ಮದುವೆಯಾದರೆ ಮ್ಯಾಕ್ ನನ್ನೊಟ್ಟಿಗೆ ಬರ್ತದೆ. ನಿಮಗೆ ನಾಯಿ ಆಗ್ತದಾ?"

ತೀರ್ಥರಾಮನ ಬಾಯಿ ತೆರೆಯಿತು. ಕಣ್ಣು ಮಾತ್ರ ತಾಯಿಯ ಕಡೆಗೆ ಹೋಯಿತು. ಅಲ್ಲಿ ಹುಬ್ಬು ಗಂಟಿಕ್ಕಿದ್ದು ಕಂಡು ಬಾಯಿ ಮುಚ್ಚಿಕೊಂಡಿತು.

"ಹೆಣ್ಣಿನೊಟ್ಟಿಗೆ ದನ ಕಳಿಸುದು ಕೇಳಿದ್ದೇನೆ" ಎಂದಳು ಪೂವಮ್ಮ. "ಪಾತ್ರೆ ಕಳಿಸುದು ಕೇಳಿದ್ದೇನೆ. ನಾಯಿ ಕಳಿಸುದು ಇದೇ ಮೊದಲು ಮಾರಾಯ್ರೆ. ನಮ್ಮಲ್ಲಿ ನಾಯಿಗೇನು ಬರಗಾಲ ಉಂಟಾ?"

ಮಾಯಿಲಪ್ಪ ಗಂಟಲು ಸರಿಮಾಡಿಕೊಂಡು ವಿವರಿಸಲು ಹೊರಟ. ಅವನು ದೊರೆಯೊಂದಿಗೆ ಇದ್ದು ಇದ್ದು, ಕೋಳಿಯ ಬಗ್ಗೆ ಹೇಳುವುದಿದ್ದರೂ ಕಚೇರಿಯಲ್ಲಿ ವರದಿ ಒಪ್ಪಿಸುವ ಹಾಗೆ ಹೇಳುವವನು. "ಇದು ಟೆರಿಯರ್ ಜಾತಿ ಅಕ್ಕ. ಊರ ನಾಯಿಯ ಹಾಗೆ ಹಾಕಿದ್ದು ತಿಂದು ಬಿದ್ದುಕೊಳ್ಳುದಿಲ್ಲ. ಇದಕ್ಕೆ ಕೆಲಸ ಬೇಕು. ಇಲಿ, ಹೆಗ್ಗಣ ಅಂದರೆ ಬಿಡುದಿಲ್ಲ. ಮಣ್ಣು ಅಗೆಯುವ ಅಭ್ಯಾಸ ಉಂಟು, ಅದು ಹುಟ್ಟುಗುಣ. ಬೊಗಳುದು ಸ್ವಲ್ಪ ಜಾಸ್ತಿ. ಕಟ್ಟಿ ಹಾಕಿದರೆ ಮಾತ್ರ ಹಾಳಾಗ್ತದೆ. ಎಲ್ಲ ಮನೆಗೂ ಆಗುವ ಜಾತಿ ಅಲ್ಲ ಅಂತ ನಮ್ಮ ದೊರೆಯೇ ಹೇಳ್ತಿದ್ದ. ಮನೆಯವರು ಸ್ವಲ್ಪ ತಾಳ್ಮೆಯವರು ಆಗ್ಬೇಕು."

ಪೂವಮ್ಮ ಮೂಗು ಮುರಿದದ್ದು ಜಗಲಿಯ ಆಚೆ ತುದಿಗೂ ಕಂಡಿತು. ನಾಯಿಗೆ ಮನೆ ಆಗುತ್ತದೆಯೇ ಎಂದು ಕೇಳುವವರನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ.

ಆಗ ಇಷ್ಟು ಹೊತ್ತು ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತ ಕುಳಿತಿದ್ದ ಮಾಯಿಲಪ್ಪನ ತಾಯಿ ದುಗ್ಗಮ್ಮ ಬಾಯಿಬಿಟ್ಟಳು. ಹಲ್ಲಿಲ್ಲದ ಮುದುಕಿ, ಸ್ವರ ಸಣ್ಣದು.

"ಒಂದು ಕೆಲಸ ಮಾಡುವ ಪೂವಮ್ಮ. ನಾಯಿ ಮೊದಲು ಬರಲಿ. ಸುಗ್ಗಿ ಬೆಳೆ ಕೊಯ್ಲು ಆಗುವವರೆಗೆ ನಿಮ್ಮಲ್ಲೇ ಇರಲಿ. ಹೊಂದಿಕೆ ಆಗ್ತದಾ ಇಲ್ವಾ ನೋಡಿ. ಕೊಯ್ಲು ಮುಗಿದ ಮೇಲೆ ಹೇಗೂ ನಾವು ಮನೆ ನೋಡ್ಲಿಕ್ಕೆ ಬರ್ಬೇಕಲ್ಲ, ಆಗ ಹೇಳಿ. ಆಗದಿದ್ದರೆ ನಾಯಿಯನ್ನು ನಾವೇ ಕೊಂಡು ಹೋಗ್ತೇವೆ."

ಪೂವಮ್ಮನಿಗೆ ಇದು ಹಿಡಿಸಿತು. ಹೆಣ್ಣಿನ ಕಡೆಯವರು ಅರ್ಧ ಬಗ್ಗಿದರು ಎಂದು ಅವಳು ಲೆಕ್ಕ ಹಾಕಿದಳು. ದಾರಿಯುದ್ದಕ್ಕೂ ಅಣ್ಣನಿಗೆ, "ನೋಡಿದಿಯಾ, ಮುದುಕಿಗೆ ಬುದ್ಧಿ ಉಂಟು. ಮೊಮ್ಮಗಳಿಗೆ ಮಾತ್ರ ನಾಲಿಗೆ ಉದ್ದ. ಬಂದ ಮೇಲೆ ಸರಿ ಮಾಡುವ" ಎಂದು ಹೇಳುತ್ತಲೇ ಬಂದಳು. ತೀರ್ಥರಾಮ ಹಿಂದಿನಿಂದ ಬರುತ್ತ ಆ ನಗುವನ್ನು ನೆನೆಸಿಕೊಳ್ಳುತ್ತಿದ್ದ. 'ಆಗ್ತದೆ' ಎಂಬ ಒಂದು ಶಬ್ದ ಹೇಳಲು ಆಗದೆ ಹೋದದ್ದನ್ನು ನೆನೆಸಿಕೊಳ್ಳುವಷ್ಟು ನಾಚಿಕೆ ಅವನಿಗಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಮಾಯಿಲಪ್ಪ ನಾಯಿಯನ್ನು ಕರೆದುಕೊಂಡು ಬಂದ. ಬೇಕಾದದ್ದು ಬೇಡವಾದದ್ದು ಎಲ್ಲ ಇನ್ನೊಮ್ಮೆ ವರದಿ ಒಪ್ಪಿಸಿ, ಕುತ್ತಿಗೆಯ ಚರ್ಮದ ಪಟ್ಟಿ ಸಡಿಲ ಮಾಡಿ, ತಲೆ ಸವರಿ ಹೋದ. ಮ್ಯಾಕ್ ಗೇಟಿನವರೆಗೆ ಹೋಗಿ ನಿಂತು ನೋಡಿತು. ಮತ್ತೆ ತಿರುಗಿ ಬಂದು, ಇನ್ನು ಇದೇ ನನ್ನ ಮನೆ ಎಂದು ತೀರ್ಮಾನ ಮಾಡಿದ ಹಾಗೆ, ದನದ ಹಟ್ಟಿ, ಬಾವಿಕಟ್ಟೆ, ಹುಲ್ಲಿನ ರಾಶಿ, ಪತ್ತಾಯದ ಕೋಣೆ ಎಲ್ಲ ಮೂಸಿ ಬಂದಿತು. ಪತ್ತಾಯವೆಂದರೆ ಭತ್ತ ತುಂಬುವ ದೊಡ್ಡ ಮರದ ಪೆಟ್ಟಿಗೆ. ಅದರ ಅಡಿಯಲ್ಲಿ ಮೂತಿ ತೂರಿಸಿ ಅದು ನಿಂತ ರೀತಿ ನೋಡಿದರೆ ಅಲ್ಲಿ ಇಲಿಯುಂಟೆಂದು ಯಾರಿಗೂ ಅರ್ಥವಾಗಬೇಕಿತ್ತು.

ಪೂವಮ್ಮನಿಗೆ ಅರ್ಥವಾಗಲಿಲ್ಲ. "ಇದು ನಾಯಿಯಾ? ಗಡ್ಡ ಬಂದ ಆಡಿನ ಮರಿ. ಮುಖ ನೋಡು, ಸಾಲ ಕೇಳ್ಲಿಕ್ಕೆ ಬಂದವನ ಹಾಗೆ."

ಮರುದಿನವೇ ಅನಾಹುತ. ಸುಗ್ಗಿ ಕೊಯ್ಲಿಗೆಂದು ಪೂವಮ್ಮ ಅಂಗಳವನ್ನು ಮಣ್ಣು ಹಾಕಿ ಬಡಿಸಿ, ಸೆಗಣಿ ಸಾರಿಸಿ, ಕನ್ನಡಿಯ ಹಾಗೆ ಮಾಡಿಸುತ್ತಿದ್ದಳು. ಅದು ಅವಳ ಹೆಮ್ಮೆ. ಆ ಅಂಗಳದ ಅಂಚಿನಲ್ಲಿ, ತುಳಸಿಕಟ್ಟೆಯ ಪಕ್ಕ, ಮ್ಯಾಕ್ ಹೆಗ್ಗಣದ ವಾಸನೆ ಹಿಡಿದು ತೆಂಗಿನ ಗಿಡ ನೆಡಬಹುದಾದಷ್ಟು ಹೊಂಡ ತೋಡಿತು. ಮುಂಗಾಲಿನಿಂದ ಮಣ್ಣು ತೆಗೆದು ಹಿಂಗಾಲಿನ ಸಂದಿನಿಂದ ಎಸೆಯುತ್ತ, ಬಾಲ ಮಾತ್ರ ಹೊರಗೆ ಕಾಣುವ ಹಾಗೆ ಒಳಗಿಳಿದು, ಕೊನೆಗೆ ಹೆಗ್ಗಣವನ್ನು ಹಿಡಿದು ಒಂದೇ ಕೊಡವಿಗೆ ಮುಗಿಸಿ, ಅದನ್ನು ತಂದು ಹೊಸ್ತಿಲಿನ ಮೇಲೆ ಇಟ್ಟು, ಶಾಭಾಸ್‌ಗಿರಿಗೆ ಕಾಯುತ್ತ ನಿಂತಿತು.

ಪೂವಮ್ಮ ಹಿಡಿಸೂಡಿ ಎತ್ತಿಕೊಂಡಳು. ತೆಂಗಿನ ಕಡ್ಡಿಯ ಆ ಪೊರಕೆಯ ಕಟ್ಟಿದ ಬುಡ ಕಲ್ಲಿನಷ್ಟು ಗಟ್ಟಿ. ಬಿದ್ದದ್ದು ಬುಡವೇ.

ತೀರ್ಥರಾಮ ನೀರು ನೋಡಲು ಹೋದ.

ಅಂದಿನಿಂದ ನಾಯಿಯನ್ನು ಹಟ್ಟಿಯ ಕಂಬಕ್ಕೆ, ಹೋರಿಯ ಸರಪಳಿಯಲ್ಲಿ ಕಟ್ಟಿದರು. ಕಟ್ಟಿದರೆ ಹಾಳಾಗುತ್ತದೆ ಎಂದು ಮಾಯಿಲಪ್ಪ ಹೇಳಿದ್ದು ತೀರ್ಥರಾಮನಿಗೆ ಚೆನ್ನಾಗಿ ನೆನಪಿತ್ತು. ಕಟ್ಟಿದ್ದೂ ಅವನೇ. ಕಟ್ಟಿದ ಮೇಲೆ ಮ್ಯಾಕ್ ಬೊಗಳಿತು. ಬೊಗಳಿದ್ದಕ್ಕೆ ಏಟು ಬಿತ್ತು. ಏಟು ಬಿದ್ದದ್ದಕ್ಕೆ ಮತ್ತೆ ಬೊಗಳಿತು. ಟೆರಿಯರ್ ಎಂದರೆ ಸೋಲೊಪ್ಪದ ಜಾತಿ, ಪೂವಮ್ಮ ಅದಕ್ಕಿಂತ ಹಟದ ಜಾತಿ. ಇಬ್ಬರ ನಡುವೆ ಏನಾದರೂ ರಾಜಿ ಆಗಬೇಕಿದ್ದರೆ ಅದು ತೀರ್ಥರಾಮನ ಬಾಯಿಂದ ಆಗಬೇಕಿತ್ತು. ಆ ಬಾಯಿಗೆ ಎಲೆ ಅಡಿಕೆ ಹಾಕಿಕೊಳ್ಳುವುದನ್ನು ಬಿಟ್ಟು ಬೇರೆ ಕೆಲಸವಿರಲಿಲ್ಲ.

ಹಾಗೆಂದು ಅವನಿಗೆ ನಾಯಿಯ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಸಂಜೆ ಪೂವಮ್ಮ ಸ್ನಾನಕ್ಕೆ ಹೋಗಿ ಬಚ್ಚಲ ಬಾಗಿಲು ಹಾಕಿಕೊಂಡದ್ದೇ ತಡ, ಇವನು ಕಳ್ಳನಂತೆ ಹಟ್ಟಿಗೆ ಹೋಗಿ ಸರಪಳಿ ಬಿಚ್ಚುತ್ತಿದ್ದ. ಮ್ಯಾಕ್ ಗದ್ದೆಯ ಬದುವಿನಲ್ಲಿ ಬಾಣ ಬಿಟ್ಟ ಹಾಗೆ ಓಡುತ್ತಿತ್ತು. ಓಡಿ ಓಡಿ ಬಂದು ಅವನ ಮೊಣಕಾಲಿಗೆ ತಲೆ ಒರಸುತ್ತಿತ್ತು. ಅವನು ಅದರ ಗಡ್ಡ ಹಿಡಿದು, "ಅಮ್ಮನಿಗೆ ನಾನು ಹೇಳ್ತೇನೆ ಆಯ್ತಾ. ನಾಳೆ ಹೇಳ್ತೇನೆ" ಎನ್ನುತ್ತಿದ್ದ. ನಾಯಿ ನಂಬಿತು. ಅದಕ್ಕೆ ಅವನ ಪರಿಚಯ ಹೊಸತು.

ಒಂದು ದಿನ ಬೆಳ್ಳಾರೆಯ ಹಸನಬ್ಬ ಒಣಮೀನಿನ ಕಾವಡಿ ಇಳಿಸಿ ಜಗಲಿಯ ಕೆಳಗೆ ಕುಳಿತಿದ್ದ. ಅವನಿಗೆ ಆ ಮನೆಯ ಇಲಿಗಳ ಕಾಟ ಗೊತ್ತಿತ್ತು. ಮಾರಿ ಹೋದ ಮೀನನ್ನು ಇಲಿ ಕೊಂಡುಹೋಯಿತೆಂದು ಪೂವಮ್ಮ ಅವನಲ್ಲೇ ಜಗಳ ತೆಗೆದಿದ್ದಳು. ಹಟ್ಟಿಯಲ್ಲಿ ಸರಪಳಿ ಎಳೆದಾಡುತ್ತಿದ್ದ ನಾಯಿಯನ್ನು ನೋಡಿ ಅವನು ತಲೆಯಾಡಿಸಿದ.

"ಗೌಡ್ರೆ, ನಾನು ನಾಯಿ ಮುಟ್ಟುವವನಲ್ಲ. ಮುಟ್ಟಿದರೆ ಮತ್ತೆ ಮೈ ತೊಳೆಯುವ ಪಂಚಾತಿಕೆ. ಆದರೆ ಇದನ್ನು ಈ ಪತ್ತಾಯದ ಕೋಣೆಯಲ್ಲಿ ಒಂದು ದಿನ ಬಿಡಿ. ಬೆಳ್ಳಾರೆಯಲ್ಲಿ ನನ್ನ ಗೋದಾಮಿನ ಇಲಿಗಳನ್ನು ಇದೇ ಮುಗಿಸಿದ್ದು. ಆ ಹುಡುಗಿ ಬಾಗಿಲಲ್ಲಿ ನಿಂತುಕೊಂಡು 'ಹಿಡಿ ಮ್ಯಾಕ್' ಅಂತ ಹೇಳುದು, ಇದು ಹಿಡಿಯುದು. ನೋಡ್ಲಿಕ್ಕೆ ಚಂದ."

ತೀರ್ಥರಾಮನಿಗೆ ಆ ದಿನ ಎಲ್ಲಿಂದಲೋ ಧೈರ್ಯ ಬಂತು. ಪೂವಮ್ಮ ಪಕ್ಕದ ಮನೆಗೆ ಹೋಗಿದ್ದಳು, ಧೈರ್ಯ ಬಂದದ್ದು ಅಲ್ಲಿಂದ. ನಾಯಿಯನ್ನು ಪತ್ತಾಯದ ಕೋಣೆಗೆ ಬಿಟ್ಟು ಬಾಗಿಲು ಎಳೆದ. ಒಳಗೆ ಧಡಬಡ, ಕಿರುಚಾಟ, ಉಗುರಿನ ಸದ್ದು. ಬಾಗಿಲು ತೆರೆದಾಗ ಇಲಿಗಳು ನೆಲದ ಮೇಲೆ ಅಲ್ಲಲ್ಲಿ ಬಿದ್ದಿದ್ದವು, ಮ್ಯಾಕ್ ನಾಲಿಗೆ ಹೊರಹಾಕಿ ನಗುವಂತಿತ್ತು. ಎಷ್ಟೋ ವರ್ಷದ ಕಾಟ ಒಂದು ಮಧ್ಯಾಹ್ನದಲ್ಲಿ ಮುಗಿದಿತ್ತು. ತೀರ್ಥರಾಮ ಮೊದಲ ಬಾರಿಗೆ ಜೋರಾಗಿ ನಕ್ಕ. ಈ ನಾಯಿ ಈ ಮನೆಗೇ ಹುಟ್ಟಿದ್ದು ಎಂದು ಅವನಿಗೆ ಅನಿಸಿತು. ಸೇವಂತಿ ಬಂದು ಆ ಬಾಗಿಲಲ್ಲಿ ನಿಂತು "ಹಿಡಿ ಮ್ಯಾಕ್" ಎನ್ನುವುದನ್ನೂ ಕಲ್ಪಿಸಿಕೊಂಡ.

ಅಷ್ಟರಲ್ಲಿ ಪೂವಮ್ಮ ಬಂದಳು. ಅವಳು ಕಂಡದ್ದು ಇಲಿಗಳನ್ನಲ್ಲ. ಪತ್ತಾಯದ ಮೇಲೆ ಅವಳು ಜೋಡಿಸಿಟ್ಟಿದ್ದ ಉಪ್ಪಿನಕಾಯಿಯ ಭರಣಿಯೊಂದು ಕೆಳಗೆ ಬಿದ್ದು ಒಡೆದಿತ್ತು.

"ಯಾರು ಬಿಟ್ಟದ್ದು ಇದನ್ನು ಒಳಗೆ?"

ಬಿಟ್ಟವನು ಅಲ್ಲಿಯೇ ನಿಂತಿದ್ದ. ಹಸನಬ್ಬ ಅವನ ಮುಖ ನೋಡಿದ. ಮ್ಯಾಕ್ ಕೂಡ ನೋಡಿತು. ಹಿಡಿಸೂಡಿ ಮೇಲೆದ್ದಾಗ ಅದು ಸೀದಾ ಓಡಿ ಬಂದು ತೀರ್ಥರಾಮನ ಎರಡು ಕಾಲುಗಳ ನಡುವೆ ಹೊಕ್ಕು, ಅವನ ಮುಂಡಿನ ಹಿಂದಿನಿಂದ ಮೂತಿ ಮಾತ್ರ ಹೊರಗೆ ಹಾಕಿ ನಿಂತಿತು. ಈಗ ತನಗೆ ಭಯವಿಲ್ಲ ಎಂದು ಅದರ ಬಾಲವೇ ಹೇಳುತ್ತಿತ್ತು.

"ಸರಿ ಆಚೆ" ಎಂದಳು ಪೂವಮ್ಮ.

ತೀರ್ಥರಾಮ ಸರಿದ.

ಸರಿದು, "ಸರಪಳಿ ಬಿಚ್ಚಿ ಹೋಗಿರಬೇಕು" ಎಂದ. ಮತ್ತೆ ಬೈರಾಸು ಕೊಡವಿ, ನೀರು ನೋಡಲು ಹೋದ. ಬೆನ್ನ ಹಿಂದೆ ಕೇಳಿದ ಸದ್ದುಗಳನ್ನು ಅವನು ಬದುವಿನ ತನಕವೂ ಕೇಳಿಸಿಕೊಂಡ. ನಾಳೆ ಖಂಡಿತ ಹೇಳುತ್ತೇನೆ ಎಂದುಕೊಂಡ. ಹಸನಬ್ಬ ಕಾವಡಿ ಎತ್ತಿಕೊಂಡು ಅದೇ ಬದುವಿನಲ್ಲಿ ಹೋಗುವಾಗ ಅವನನ್ನು ದಾಟಿ ಹೋದ, ಮಾತಾಡಿಸಲಿಲ್ಲ.

ಆ ಸಂಜೆ ತೀರ್ಥರಾಮ ಸರಪಳಿ ಬಿಚ್ಚಿದಾಗ ಮ್ಯಾಕ್ ಏಳಲಿಲ್ಲ. ಮೆಲ್ಲನೆ ಕರೆದ, ಬೆಲ್ಲದ ತುಂಡು ತೋರಿಸಿದ. ಅದು ಮುಖ ಆಚೆ ತಿರುಗಿಸಿತು. ಅಂದಿನಿಂದ ಅದು ಬೊಗಳುವುದನ್ನೂ ಬಿಟ್ಟಿತು.

"ನೋಡು, ಹೇಗೆ ಹೊಂದಿಕೊಂಡಿತು" ಎಂದು ಪೂವಮ್ಮ ಹಿಗ್ಗಿದಳು. "ನಾಯಿ ಆಗ್ಲಿ ಯಾರೇ ಆಗ್ಲಿ, ಸುರುವಿಗೆ ಸರಿ ಮಾಡಿದರೆ ಆಯ್ತು."

ಸುಗ್ಗಿ ಕೊಯ್ಲು ಮುಗಿಯಿತು. ಪತ್ತಾಯ ತುಂಬಿತು, ಇಲಿಯ ಹಿಕ್ಕೆ ಒಂದೂ ಇರಲಿಲ್ಲ. ಗದ್ದೆಗಳು ಒಣಗಿ ಬಿರುಕು ಬಿಟ್ಟು, ಊರಿನ ದನಗಳು ಕೂಳೆ ಮೇಯತೊಡಗಿದವು. ಮಾಯಿಲಪ್ಪನವರು ಮನೆ ನೋಡಲು ಬರುವ ದಿನ ಗೊತ್ತಾಯಿತು.

ಮನೆ ನೋಡುವುದೆಂದರೆ ಆ ಕಡೆ ಸುಮ್ಮನೆ ಬಂದು ಹೋಗುವುದಲ್ಲ. ಹೆಣ್ಣಿನ ಕಡೆಯ ಹಿರಿಯರು ಬಂದು ಮೊದಲು ಬೆಲ್ಲ ನೀರು ಕುಡಿಯುತ್ತಾರೆ. ಮತ್ತೆ ಬಾವಿಯ ನೀರು ರುಚಿ ನೋಡುತ್ತಾರೆ, ಹಟ್ಟಿ ನೋಡುತ್ತಾರೆ, ಪತ್ತಾಯಕ್ಕೆ ಕೈ ಹಾಕುತ್ತಾರೆ, ಅಡಿಗೆ ಮನೆಯ ಮಾಡಿನ ಕಡೆಗೂ ಒಮ್ಮೆ ಕಣ್ಣು ಹಾಯಿಸುತ್ತಾರೆ. ಒಪ್ಪಿಗೆಯಾದರೆ ಊಟಕ್ಕೆ ಕುಳಿತುಕೊಳ್ಳುತ್ತಾರೆ, ವೀಳ್ಯದ ದಿನ ಅಲ್ಲಿಯೇ ನಿಶ್ಚಯವಾಗುತ್ತದೆ. ಒಪ್ಪಿಗೆಯಾಗದಿದ್ದರೆ ಊಟ ಮಾಡದೆ ಎದ್ದು ಹೋಗುತ್ತಾರೆ. ಅಂಥ ಮನೆಯ ಹೆಸರು ಮತ್ತೆ ಊರೆಲ್ಲ ತಿರುಗುತ್ತದೆ. ಒಮ್ಮೆ ಬಿಡುಗಡೆಯಾದ ಗಂಡಿನ ಮನೆಯಿಂದ ಹಾಗೆ ಎದ್ದು ಹೋದರೆ, ಇನ್ನೊಬ್ಬರು ಆ ಗೇಟು ದಾಟುವುದಿಲ್ಲ. ಇದು ಪೂವಮ್ಮನಿಗೂ ಗೊತ್ತಿತ್ತು, ತೀರ್ಥರಾಮನಿಗಂತೂ ರಾತ್ರಿ ನಿದ್ದೆ ಬಾರದಷ್ಟು ಗೊತ್ತಿತ್ತು.

ಪೂವಮ್ಮ ಅಂಗಳ ಮತ್ತೆ ಸಾರಿಸಿದಳು, ಹಿತ್ತಾಳೆಗೆ ಹುಣಸೆ ಹಣ್ಣು ತಿಕ್ಕಿದಳು. ನಾಯಿಯನ್ನೂ ತಿಕ್ಕಿದಳು. ಕುತ್ತಿಗೆಯ ಸುತ್ತ ಸರಪಳಿ ಉಜ್ಜಿದ ಜಾಗಕ್ಕೆ ಅರಸಿನ ಎಣ್ಣೆ ಹಚ್ಚಿ, ಗಡ್ಡ ಬಾಚಿ, ಮೀನಿನ ತಲೆ ಹಾಕಿ, ಸರಪಳಿಯನ್ನು ಬೈಹುಲ್ಲಿನ ಅಡಿಗೆ ತಳ್ಳಿದಳು. "ಇವತ್ತೊಂದು ದಿನ ಸರಿಯಾಗಿ ಇರು ಮಾರಾಯ" ಎಂದು ಅದಕ್ಕೆ ಬುದ್ಧಿಯನ್ನೂ ಹೇಳಿದಳು. ಕೋಳಿ ಸಾರಿನ ಪರಿಮಳಕ್ಕೆ ಕುಕ್ಕಪ್ಪ ಬೆಳಿಗ್ಗೆಯೇ ಬಂದು ಜಗಲಿಯಲ್ಲಿ ಪ್ರತಿಷ್ಠಾಪನೆಯಾಗಿದ್ದ.

ದುಗ್ಗಮ್ಮ ಮಗನ ಕೈ ಹಿಡಿದು ಬಂದಳು. ಮಾಯಿಲಪ್ಪನನ್ನು ಕಂಡು ಮ್ಯಾಕ್ ಮೇಲಕ್ಕೆ ಹಾರಿ ಹಾರಿ, ಅಳುವ ಹಾಗೆ ಸ್ವರ ತೆಗೆದು, ಅವನ ಚಪ್ಪಲಿಯ ಮೇಲೆ ಉರುಳಿತು. ಪೂವಮ್ಮ ಸಕ್ಕರೆಯಂಥ ಸ್ವರದಲ್ಲಿ, "ನಮ್ಮ ಮ್ಯಾಕು ಭಾರೀ ಚುರುಕು ಮಾರಾಯ್ರೆ. ಪತ್ತಾಯದ ಕೋಣೆಯಲ್ಲಿ ಒಂದು ಇಲಿ ಉಂಟಾ ಕೇಳಿ! ನಾನು ಸುರುವಿಗೇ ಹೇಳಿದೆ ತೀರ್ಥನಿಗೆ, ಈ ಜಾತಿ ನಮ್ಮ ಮನೆಗೆ ಭಾರೀ ಆಗ್ತದೆ ಅಂತ" ಎಂದಳು. ತೀರ್ಥರಾಮ ಹೂಂಗುಟ್ಟಿದ. ಹೂಂಗುಟ್ಟುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಬೆಲ್ಲ ನೀರಾಯಿತು. ಬಾವಿಯ ನೀರಿಗೆ ದುಗ್ಗಮ್ಮ ತಲೆಯಾಡಿಸಿದಳು. ಪತ್ತಾಯಕ್ಕೆ ಕೈ ಹಾಕಿ ಭತ್ತ ಮೂಸಿ ನೋಡಿದಳು. ಎಲ್ಲ ಚೆನ್ನಾಗಿತ್ತು. ಮಾಯಿಲಪ್ಪ ಕುಕ್ಕಪ್ಪನೊಂದಿಗೆ ಹಟ್ಟಿ ನೋಡಲು ಹೋದ. ಚಾವಡಿಯಲ್ಲಿ ಬಾಳೆ ಎಲೆ ಹಾಕಿದರು. ದುಗ್ಗಮ್ಮ ಗೋಡೆಗೆ ಒರಗಿ ಕುಳಿತಳು, ಮ್ಯಾಕ್ ಅವಳಿಂದ ಸ್ವಲ್ಪ ದೂರದಲ್ಲಿ ಮಲಗಿತು, ಅದರ ಪಕ್ಕದಲ್ಲಿಯೇ ತೀರ್ಥರಾಮ ಕಂಬಕ್ಕೆ ಒರಗಿ ಕುಳಿತಿದ್ದ. ಅವನು ಮನಸ್ಸಿನೊಳಗೆ ವೀಳ್ಯದ ದಿನಕ್ಕೆ ಅಂಗಿ ಹೊಲಿಸುತ್ತಿದ್ದ. ಇನ್ನೇನು ಅನ್ನ ಬರಬೇಕು, ಮುದುಕಿ ಒಂದು ತುತ್ತು ಬಾಯಿಗಿಡಬೇಕು, ಮುಗಿಯಿತು.

ಅಷ್ಟರಲ್ಲಿ ಒಂದು ಹೇಂಟೆ ಮೆಟ್ಟಿಲು ಹತ್ತಿ ಎಲೆಯ ಕಡೆಗೆ ಬಂತು. ಪೂವಮ್ಮ ಏನನ್ನೂ ಯೋಚಿಸದೆ ಬಾಗಿಲ ಸಂದಿನಿಂದ ಹಿಡಿಸೂಡಿ ಎಳೆದು, "ಹುಶ್!" ಎಂದು ಎತ್ತಿದಳು.

ಕೋಳಿ ಹಾರಿ ಹೋಯಿತು. ಮ್ಯಾಕ್ ನೆಲಕ್ಕೆ ಅಂಟಿಕೊಂಡಿತು. ಹೊಟ್ಟೆ, ಗಡ್ಡ, ಕಿವಿ ಎಲ್ಲ ನೆಲಕ್ಕೆ ಒತ್ತಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ನಡುಗುತ್ತ ಬಿದ್ದುಕೊಂಡಿತು. ಅದರ ಅಡಿಯಿಂದ ಮೂತ್ರ ಹರಿದು ಸಾರಿಸಿದ ನೆಲದ ಮೇಲೆ ಗೆರೆಯಾಯಿತು. ಕೂಗಲಿಲ್ಲ, ಓಡಲಿಲ್ಲ.

ಹಿಡಿಸೂಡಿ ಇನ್ನೂ ಮೇಲೆಯೇ ಇತ್ತು. ಪೂವಮ್ಮ ಅದನ್ನು ಇಳಿಸಿ ಬೆನ್ನ ಹಿಂದೆ ಹಿಡಿದಳು. ಮುಚ್ಚಿಡುವುದಕ್ಕೆ ತಡವಾಗಿತ್ತು.

"ಸ್ವಲ್ಪ ಹೆದರಿಕೆಯ ನಾಯಿ ಅದು" ಎಂದಳು.

"ನಮ್ಮಲ್ಲಿ ಇರುವಾಗ ಅದಕ್ಕೆ ಹುಲಿಯ ಹೆದರಿಕೆಯೂ ಇರ್ಲಿಲ್ಲ" ಎಂದಳು ದುಗ್ಗಮ್ಮ. ಸ್ವರ ಏರಲಿಲ್ಲ. "ನೀವು ಹೊಡೆದದ್ದು ದೊಡ್ಡ ಸಂಗತಿ ಅಲ್ಲ ಪೂವಮ್ಮ. ನಾನೂ ಅತ್ತೆಯಾಗಿದ್ದವಳೇ. ಅತ್ತೆಗೆ ಬಾಯಿ ಉಂಟು, ಕೆಲವು ಸಲ ಕೈಯೂ ಉಂಟು. ನಾನು ನೋಡಿದ್ದು ಅದಲ್ಲ."

ಅವಳು ತೀರ್ಥರಾಮನ ಕಡೆಗೆ ತಿರುಗಿದಳು.

"ಮಗಾ, ಹೆದರಿದ ನಾಯಿ ಮನೆಯಲ್ಲಿ ಯಾರಾದರೊಬ್ಬರ ಕಾಲಡಿಗೆ ಓಡ್ತದೆ. ನಿನ್ನ ಕಾಲು ಅದರ ಮೂತಿಯ ಹತ್ತಿರವೇ ಉಂಟು. ಅದು ನಿನ್ನನ್ನು ಕಣ್ಣು ಬಿಟ್ಟು ಕೂಡ ನೋಡ್ಲಿಲ್ಲ. ಯಾಕೆ?"

ತೀರ್ಥರಾಮನಿಗೆ ಮುಂಡಿನ ಹಿಂದಿನಿಂದ ಇಣುಕಿದ್ದ ಆ ಗಡ್ಡದ ಮೂತಿ ನೆನಪಾಯಿತು. ಯಾಕೆಂದು ಅವನಿಗೆ ಗೊತ್ತಿತ್ತು. ಇಡೀ ಲೋಕದಲ್ಲಿ ಅವನಿಗೆ ಮತ್ತು ನಾಯಿಗೆ ಗೊತ್ತಿತ್ತು. ಹಸನಬ್ಬನಿಗೂ ಗೊತ್ತಿತ್ತು.

"ಲೋಲಾಕ್ಷಿಯ ತಾಯಿಯ ಹತ್ತಿರ ನಾನೇ ಹೋಗಿ ಕೇಳಿದೆ" ಎಂದಳು ದುಗ್ಗಮ್ಮ. "ನಿಮ್ಮ ಮಗಳು ಬಿಟ್ಟು ಬಂದದ್ದು ಎಂತಕ್ಕೆ ಅಂತ. ಅವರು ಒಂದು ಶಬ್ದ ಹೇಳ್ಲಿಲ್ಲ. ಮರ್ಯಾದಸ್ಥರು, ನಿಮ್ಮ ಮನೆಯ ಬಗ್ಗೆ ಯಾಕೆ ಹೇಳ್ತಾರೆ? ಹಾಗೆ ನಾಯಿಯನ್ನು ಕಳಿಸಿದೆ. ಅದಕ್ಕೆ ಮರ್ಯಾದೆ ಗೊತ್ತಿಲ್ಲ, ಇದ್ದದ್ದನ್ನು ಹೇಳ್ತದೆ."

ಪೂವಮ್ಮನ ಸ್ವರ ಏರಿತು. ನಾಯಿಯನ್ನು ನಂಬಿ ಮನೆಯನ್ನು ತೂಗುವವರು ತಾವೆಂಥ ಮನುಷ್ಯರು, ದೊರೆಯ ಎಂಜಲು ತಿಂದವರಿಗೆ ಊರಿನ ರೀತಿ ಏನು ಗೊತ್ತು, ನಿಮ್ಮ ಹೆಣ್ಣಿಗೆ ಈ ಜನ್ಮದಲ್ಲಿ ಗಂಡು ಸಿಕ್ಕಿದ ಹಾಗೆಯೇ... ಹಟ್ಟಿಯಿಂದ ಮಾಯಿಲಪ್ಪ, ಕುಕ್ಕಪ್ಪ ಓಡಿ ಬಂದರು. ಕುಕ್ಕಪ್ಪ ಮೊದಲು ನೋಡಿದ್ದು ಎಲೆಗಳನ್ನು.

ದುಗ್ಗಮ್ಮ ಪೂವಮ್ಮನ ಕಡೆ ನೋಡಲೇ ಇಲ್ಲ. ಅವಳು ತೀರ್ಥರಾಮನನ್ನೇ ನೋಡುತ್ತಿದ್ದಳು, ಕಾಯುತ್ತಿದ್ದಳು. ಆಗಲೂ ಅವನು ಒಂದು ಮಾತು ಹೇಳಿದ್ದರೆ, 'ಅಮ್ಮ, ಸುಮ್ಮನಿರು' ಎಂದಿದ್ದರೆ, ಬಗ್ಗಿ ಆ ನಾಯಿಯ ತಲೆಯ ಮೇಲೆ ಕೈಯಿಟ್ಟಿದ್ದರೆ, ಮುದುಕಿ ಎಲೆಯ ಮುಂದೆ ಕುಳಿತುಬಿಡುತ್ತಿದ್ದಳೋ ಏನೋ. ಅವನಿಗೂ ಹಾಗೆ ಅನಿಸಿತು. ಕೈ ಸ್ವಲ್ಪ ಮುಂದೆ ಹೋಯಿತು ಕೂಡ.

"ತೀರ್ಥ! ಹೇಳು ಇವರಿಗೆ!" ಎಂದು ಪೂವಮ್ಮ ಕಿರುಚಿದಳು.

ತೀರ್ಥರಾಮ ಎದ್ದ. ಹೆಗಲ ಮೇಲಿನ ಬೈರಾಸು ತೆಗೆದು ಕೊಡವಿದ.

"ನಾನು... ನೀರು ನೋಡಿ ಬರ್ತೇನೆ" ಎಂದ.

ದುಗ್ಗಮ್ಮ ಚಾವಡಿಯಿಂದ ಹೊರಗೆ ನೋಡಿದಳು. ಅಂಗಳದ ಆಚೆ ಗದ್ದೆಗಳು ಬಿಸಿಲಿಗೆ ಬಿರಿದು ಬಿದ್ದಿದ್ದವು. ಕೂಳೆಯ ನಡುವೆ ಒಂದು ದನ ನಿಂತು ಒಣ ಹುಲ್ಲು ಜಗಿಯುತ್ತಿತ್ತು.

"ಯಾವ ನೀರು ಮಗಾ?" ಎಂದಳು.

ಅವನು ಮೆಟ್ಟಿಲಿಳಿದ. ಮುಖ ಬೆಂಕಿಯಂತೆ ಸುಡುತ್ತಿತ್ತು. ನಾಚಿಕೆಯಿಂದ ಕಾಲು ತಡವರಿಸಿತು, ಆದರೆ ನಿಲ್ಲಲಿಲ್ಲ, ಆ ಕಾಲುಗಳಿಗೆ ಆ ದಾರಿ ಬಿಟ್ಟರೆ ಬೇರೆ ದಾರಿ ಗೊತ್ತಿರಲಿಲ್ಲ. ಎಂದಿನ ಬದುವಿನ ಮೇಲೆ, ನೀರು ಹರಿಯುವ, ಈಗ ಒಣಗಿದ ಕಣಿಯ ಪಕ್ಕ, ಕುಕ್ಕುರುಗಾಲಿನಲ್ಲಿ ಕುಳಿತ.

ಸ್ವಲ್ಪ ಹೊತ್ತಿಗೆ ಅವರು ಗೇಟು ದಾಟಿ ಹೋಗುವುದು ಕಂಡಿತು. ಯಾರೂ ಊಟ ಮಾಡಿರಲಿಲ್ಲ. ಮ್ಯಾಕ್ ಮೊದಲು ಮಾಯಿಲಪ್ಪನ ಕಾಲಿಗೆ ತಾಗಿಕೊಂಡು ನಡೆಯಿತು. ಗದ್ದೆಯ ತಿರುವಿಗೆ ಬಂದ ಮೇಲೆ ಅದು ನಿಂತು, ಏನೋ ವಾಸನೆ ಹಿಡಿದು, ಬದುವಿನ ಮಣ್ಣು ಅಗೆಯತೊಡಗಿತು. ಯಾರೂ ಬೈಯಲಿಲ್ಲ. ಮುದುಕಿ ಕೋಲೂರಿ ನಿಂತು ಅದು ಅಗೆದು ಮುಗಿಸುವವರೆಗೂ ಕಾದಳು. ಮತ್ತೆ ಮೂವರೂ ಹೋದರು. ಇವನು ಕುಳಿತಲ್ಲಿಂದ ಮೆಲ್ಲನೆ, ತನಗೆ ಮಾತ್ರ ಕೇಳುವಷ್ಟು, "ಮ್ಯಾಕ್" ಎಂದ. ನಾಯಿಯ ಕಿವಿ ಚುರುಕು, ಕೇಳಿಸಿರಬಹುದು. ಅದು ತಿರುಗಿ ನೋಡಲಿಲ್ಲ.

ಮನೆಯಿಂದ ಪೂವಮ್ಮನ ಸ್ವರ ಇನ್ನೂ ಬರುತ್ತಿತ್ತು, ಈಗ ಕುಕ್ಕಪ್ಪನ ಮೇಲೆ. ತೀರ್ಥರಾಮ ಕಿವಿಗೊಟ್ಟು ಕುಳಿತ. ಬಿಸಿಲು ಬಾಗಿದ ಮೇಲೆ ಆ ಸ್ವರ ಅಡಗಿತು. ಆಗ ಅವನು ಎದ್ದು, ಕೈಕಾಲು ತೊಳೆದು, ಊಟಕ್ಕೆ ಹೋದ.